ಹೆಸರು ಕೇಳುವ ಮೊದಲು

'ಗಣೇಶನ ಮದುವೆ' ಟಿವಿಯಲ್ಲಿ ಬಂದರೆ ನಮ್ಮ ಮನೆಯಲ್ಲಿ ಊಟ ತಡ. ಮನೆ ಮಾತು ಉರ್ದು, ಆದರೂ ಅಬ್ಬಾ ಅದರ ಡೈಲಾಗ್‌ಗಳನ್ನು ನಟರಿಗಿಂತ ಮೊದಲೇ ಹೇಳುತ್ತಾರೆ. 1990ರಲ್ಲಿ ಫಣಿ ರಾಮಚಂದ್ರ ನಿರ್ದೇಶಿಸಿದ ಸಿನಿಮಾ. ನಾಯಕ ಅನಂತ್ ನಾಗ್. ಬಾಲ್ಯದ ಕೆಲವು ವರ್ಷ ಭಟ್ಕಳದಾಚೆಯ ಶಿರಾಲಿಯಲ್ಲಿ ಕಳೆದವರು, ಹಾಗಾಗಿ ಬೈಂದೂರು, ಶಿರೂರಿನ ಗೆಳೆಯರಿಗೆ ನೆರೆಯವರೇ!

ಕತೆ ನಡೆಯುವುದು ಒಂದು ವಠಾರದಲ್ಲಿ. ನಮ್ಮ ಕಡೆಯ ಲೈನ್ ಮನೆ ಇದ್ದ ಹಾಗೆ. ಬಾಡಿಗೆದಾರ ಗಣೇಶನಿಗೂ ಮಾಲೀಕ ರಮಣಮೂರ್ತಿಗೂ ದಿನಾ ಜಗಳ. ಇದೇ ಗಣೇಶ, ಮುಖ ನೋಡದ ಒಬ್ಬ ಗಾಯಕಿಗೆ ಪತ್ರ ಬರೆದು ಬರೆದು ಪ್ರೀತಿಸುತ್ತಾನೆ. ಅವಳೇ ಮಾಲೀಕನ ಮಗಳು ಅಂತ ಅವನಿಗೆ ಗೊತ್ತಿಲ್ಲ. ಪತ್ರದಲ್ಲಿ ಅವಳು ಶ್ರುತಿ, ಮನೆಯಲ್ಲಿ ಆದಿಲಕ್ಷ್ಮಿ. ಶ್ರುತಿ ಎಂದರೆ ಪ್ರಾಣ, ಆದಿಲಕ್ಷ್ಮಿ ಎಂದರೆ ಆಗದು. ಹೆಸರು ಬದಲಾದರೆ ಸಾಕು, ಅದೇ ಮನುಷ್ಯ ಬೇರೆಯಾಗಿ ಕಾಣುತ್ತಾನೆ.

ನಾನೂ ಇದಕ್ಕೆ ನಗುತ್ತಿದ್ದೆ. ಕಳೆದ ವರ್ಷ ಕುಂದಾಪುರದಲ್ಲಿ ನಾವು ಬಾಡಿಗೆ ಮನೆ ಹುಡುಕುವವರೆಗೆ.

ಅಬ್ಬಾರ ಕನ್ನಡದಲ್ಲಿ ಉರ್ದು ಇಣುಕುತ್ತದೆ, ಆದ್ದರಿಂದ ಫೋನ್ ಮಾಡುವ ಕೆಲಸ ನನ್ನದು. (ಹದಿನೇಳು ವರ್ಷದವರು ಕರಾರಿಗೆ ಸಹಿ ಹಾಕುವಂತಿಲ್ಲ, ಫೋನ್ ಮಾಡಬಹುದು.) "ಖಾಲಿ ಇತ್ತ್ ಮಾರಾಯ್ರೆ, ನಾಳೆ ಬನಿ" ಎಂದರು ಒಬ್ಬರು. ಬಾಡಿಗೆ, ಅಡ್ವಾನ್ಸ್, ಹನ್ನೊಂದು ತಿಂಗಳ ಅಗ್ರಿಮೆಂಟ್, ಎಲ್ಲ ಮಾತಾಯಿತು. ಒಂದು ವರ್ಷ ಮೀರಿದರೆ ನೋಂದಣಿ ಮಾಡಿಸಬೇಕು, ಅದಕ್ಕೇ ಹನ್ನೊಂದು ಎಂದು ನಾನು ಕಾಮರ್ಸ್ ಜ್ಞಾನವನ್ನೂ ಪ್ರದರ್ಶಿಸಿದೆ. ಅವರು ನಕ್ಕರು. ಕೊನೆಗೆ "ಹೆಸರೆಂತ?" ಎಂದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮನ ಮಗ ಬರುವವನಿದ್ದಾನೆ, ಮರೆತೇ ಹೋಗಿತ್ತು ಎಂದರು.

ಅಂಥ ತಮ್ಮನ ಮಕ್ಕಳು ಮೂರು ಮನೆಗಳಿಗೆ ಬಂದರು.

ಬೇಜಾರಾಗಿದ್ದು ಮನೆ ಸಿಗದ್ದಕ್ಕಲ್ಲ. ಐದು ನಿಮಿಷ ನಾನು ಅವರಿಗೆ ಇಷ್ಟವಾಗಿದ್ದೆ, ಅದು ನನಗೆ ಗೊತ್ತಿತ್ತು. ಸಿನಿಮಾದಲ್ಲಾದರೆ ಕೊನೆಗೆ ಎರಡೂ ಹೆಸರು ಒಬ್ಬಳದೇ ಎಂದು ತಿಳಿಯುತ್ತದೆ. ಇಲ್ಲಿ ಫೋನ್ ಕಟ್ಟಾದ ಮೇಲೆ ಮುಂದಿನ ರೀಲೇ ಇಲ್ಲ.

ಆದರೆ ಈ ಮಾತನ್ನು ಒಂದೇ ಕಡೆಗೆ ಹೇಳಿದರೆ ಸುಳ್ಳಾಗುತ್ತದೆ. ನಮ್ಮವರಲ್ಲೂ ರೂಮು ಬಾಡಿಗೆಗೆ ಕೊಡುವವರಿದ್ದಾರೆ. ಉತ್ತರದಿಂದ ಕೆಲಸಕ್ಕೆ ಬಂದ ಹುಡುಗರು ಕೇಳಿದರೆ ಅವರಿಗೂ ಇದ್ದಕ್ಕಿದ್ದಂತೆ ತಮ್ಮನ ಮಗನ ನೆನಪಾಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅವತ್ತು ನನಗೇನೂ ಅನ್ನಿಸಿರಲಿಲ್ಲ. ಮನೆ ಕೊಡುವವರು ಕೇಳಬೇಕಾದ ಪ್ರಶ್ನೆಗಳಿವೆ: ಎಷ್ಟು ಜನ, ಏನು ಕೆಲಸ, ಬಾಡಿಗೆ ಯಾವ ತಾರೀಕಿಗೆ. ಹೆಸರು ಅಗ್ರಿಮೆಂಟ್ ಬರೆಯುವಾಗ ಸಾಕು. ನಮ್ಮಲ್ಲಿ ಯಾರ ಮನೆಯಲ್ಲಾದರೂ ಬಾಡಿಗೆ ರೂಮಿದ್ದರೆ, ಮೊದಲು ನಾವೇ ಇದನ್ನು ಮನೆಯಲ್ಲಿ ಹೇಳಿ ನೋಡೋಣ. ಬೈಗುಳ ಬಿದ್ದರೆ ಬೀಳಲಿ.

ನಮಗೆ ಕೊನೆಗೂ ಮನೆ ಸಿಕ್ಕಿತು. ಮನೆಯೊಡತಿ ಅಜ್ಜಿ ಮೊದಲು ಕೇಳಿದ್ದು, "ನೀರು ಸುಮ್ನೆ ಬಿಡುವವರಲ್ಲ ಅಲ್ದಾ?" ಮೊದಮೊದಲು ಅಮ್ಮಿ ಅವರೆದುರು ದನಿಯನ್ನೇ ಎತ್ತುತ್ತಿರಲಿಲ್ಲ. ಜಗಳವಾದರೆ ಮತ್ತೆ ಮನೆ ಹುಡುಕಬೇಕಲ್ಲ ಎಂಬ ಹೆದರಿಕೆ. ಗಣೇಶನಿಗೆ ಆ ಹೆದರಿಕೆ ಇರಲೇ ಇಲ್ಲ.

ಕಳೆದ ವಾರ ಬಾವಿಯ ಪಂಪ್ ವಿಷಯಕ್ಕೆ ಇಬ್ಬರಿಗೂ ಜೋರು ಜಗಳವಾಯಿತು. ಅಜ್ಜಿ ಕುಂದಗನ್ನಡದಲ್ಲಿ, ಅಮ್ಮಿ ಉರ್ದುವಿನಲ್ಲಿ. ಅಬ್ಬಾ ಒಳಗೆ ಕೂತು ನಗುತ್ತಿದ್ದರು.