ಕೊಟ್ಟ ಮಾತೂ ಮೀಸಲು ಬಾಗಿಲೂ



ಕಡಲಾಚೆ ನೆಲೆಸಿರುವ ನಮ್ಮ ಸಮಾಜದ ಅನೇಕ ಮನೆಗಳಲ್ಲಿ ದೀಪಾವಳಿಯ ವೇಳೆಗೆ ಒಂದು ಕಳವಳ ಮನೆಮಾಡುತ್ತದೆ. ಅಮೆರಿಕದಲ್ಲಿ ಹನ್ನೆರಡನೆಯ ತರಗತಿಯಲ್ಲಿರುವ ಮಕ್ಕಳು ಕಾಲೇಜುಗಳಿಗೆ ಅರ್ಜಿ ಸಲ್ಲಿಸುವ ಕಾಲವದು. ಅಲ್ಲಿಂದ ಬಂದಿದ್ದ ತಾಯಿಯೊಬ್ಬರು ಕೇಳಿದರು: "ಗುರುಗಳೇ, ಮಗಳು ಒಂದೇ ಕಾಲೇಜಿಗೆ ಮಾತು ಕೊಟ್ಟು ಅರ್ಜಿ ಹಾಕುತ್ತಿದ್ದಾಳೆ. ಜೊತೆಗೆ ಬೇರೆ ಕಾಲೇಜುಗಳನ್ನೂ ನೋಡಿಕೊಳ್ಳುವುದು ನಿಷ್ಠೆಗೆ ಭಂಗವಲ್ಲವೇ?" ಈ ಪ್ರಶ್ನೆ ಅವರೊಬ್ಬರದೇ ಅಲ್ಲವಾದ್ದರಿಂದ ಇಲ್ಲಿ ವಿಚಾರಿಸುವುದು ಉಚಿತವೆನಿಸಿತು.

ಆ ತಾಯಿ ಹೇಳಿದ ಕ್ರಮಕ್ಕೆ 'ಅರ್ಲಿ ಡಿಸಿಷನ್' ಎಂದು ಹೆಸರು. ಸಾಮಾನ್ಯವಾಗಿ ನವೆಂಬರ್ 1 ಅಥವಾ 15ರೊಳಗೆ ಅರ್ಜಿ ಸಲ್ಲಬೇಕು; ಡಿಸೆಂಬರ್ ಮಧ್ಯಭಾಗದಲ್ಲಿ ತೀರ್ಮಾನ ತಿಳಿಯುತ್ತದೆ. ವಿದ್ಯಾರ್ಥಿ, ಪೋಷಕರು, ಶಾಲೆಯ ಮಾರ್ಗದರ್ಶಕರು ಮೂವರೂ ಒಪ್ಪಂದಕ್ಕೆ ಸಹಿ ಹಾಕುತ್ತಾರೆ. ಪ್ರವೇಶ ದೊರೆತರೆ ಅಲ್ಲಿಗೇ ಸೇರಬೇಕು, ಉಳಿದ ಅರ್ಜಿಗಳನ್ನು ಹಿಂತೆಗೆದುಕೊಳ್ಳಬೇಕು. 'ಅರ್ಲಿ ಆಕ್ಷನ್' ಎಂಬುದು ಬೇರೆ. ಅದರಲ್ಲಿ ಉತ್ತರ ಬೇಗ ಬರುತ್ತದೆ, ಕಟ್ಟುಪಾಡಿಲ್ಲ. ಮುಂಗಡ ಪ್ರವೇಶದ ಪದ್ಧತಿ ಅನುಕೂಲಸ್ಥರಿಗೇ ಹೆಚ್ಚು ನೆರವಾಗುತ್ತದೆಂದು ಹಾರ್ವರ್ಡ್ ಮತ್ತು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಗಳು 2006ರಲ್ಲಿ ಅದನ್ನು ಕೈಬಿಡುವುದಾಗಿ ಸಾರಿದ್ದುಂಟು. 2011ರಲ್ಲಿ ಅವು ಅದನ್ನು ಮರಳಿ ತಂದವು, ಆದರೆ ಕಟ್ಟುಪಾಡಿಲ್ಲದ ರೂಪದಲ್ಲಿ.

ಈಗ ನಿಷ್ಠೆಯ ಮಾತು. ಕಾಲೇಜು ಇಷ್ಟಲಿಂಗವಲ್ಲ. ನಿಷ್ಠೆ ಇರಬೇಕಾದುದು ವಿದ್ಯೆಯಲ್ಲಿ ಮತ್ತು ಕೊಟ್ಟ ಮಾತಿನಲ್ಲಿ. ಕಟ್ಟುಪಾಡಿಲ್ಲದ ಇತರ ಅರ್ಜಿಗಳಿಗೆ ಆ ಒಪ್ಪಂದವೇ ಅವಕಾಶ ಕೊಟ್ಟಿರುವಾಗ ಅಲ್ಲಿ ಭಂಗವೆಲ್ಲಿಯದು? ಸುರಕ್ಷತೆಯ ಹೆಸರಿನಲ್ಲಿ ಎರಡು ಕಾಲೇಜುಗಳಿಗೆ ಏಕಕಾಲದಲ್ಲಿ ಇಂತಹ ಮಾತು ಕೊಡುವುದು ಭಂಗ. ಪ್ರವೇಶ ದೊರೆತ ಮೇಲೆ ಇನ್ನೂ ದೊಡ್ಡ ಹೆಸರನ್ನರಸಿ ಹಿಂಜರಿಯುವುದು ಭಂಗ. ದೊರೆತ ಹಣಕಾಸಿನ ನೆರವು ನಿಜವಾಗಿಯೂ ಸಾಲದಾದಾಗ ಬಿಡುಗಡೆ ಕೇಳಲು ಅವಕಾಶವುಂಟು. ಅದನ್ನು ಕೇಳುವುದು ತಪ್ಪಲ್ಲ.

ಹಾಗಾದರೆ ಮೀಸಲು ಕಾಲೇಜುಗಳನ್ನು ಆರಿಸುವುದು ಹೇಗೆ? ಮೊದಲನೆಯದು ಕಾಲದ ವಿವೇಕ. ಡಿಸೆಂಬರ್ ಮಧ್ಯದಲ್ಲಿ ನಿರಾಕರಣೆ ಬಂದರೆ ಜನವರಿ ಆರಂಭದ ಸಾಮಾನ್ಯ ಗಡುವಿಗೆ ಉಳಿಯುವುದು ಎರಡು ವಾರ ಮಾತ್ರ. ನೊಂದ ಮನಸ್ಸಿನಿಂದ ಹತ್ತು ಪ್ರಬಂಧಗಳನ್ನು ಬರೆಯಲು ಮಗುವನ್ನು ಕೂರಿಸುವುದು ನಿರ್ದಯೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಂತಹ ಕಡೆ ಅರ್ಜಿಯ ಅವಧಿ ನವೆಂಬರ್ ಕೊನೆಯ ಸುಮಾರಿಗೇ ಮುಗಿದುಹೋಗುತ್ತದೆ. ಆದುದರಿಂದ ಮೊದಲ ಬಾಗಿಲು ತೆರೆಯುವುದೋ ಇಲ್ಲವೋ ತಿಳಿಯುವ ಮುನ್ನವೇ ಉಳಿದ ಅರ್ಜಿಗಳು ಸಿದ್ಧವಾಗಿರಬೇಕು. ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಅರ್ಲಿ ಆಕ್ಷನ್ ಇದ್ದರೆ ನಿಯಮಗಳನ್ನು ಓದಿ ಅದನ್ನೂ ಜೊತೆಯಲ್ಲೇ ಸಲ್ಲಿಸಬಹುದು.

ಎರಡನೆಯದು ಆಯ್ಕೆಯ ವಿವೇಕ. ಪಟ್ಟಿಯಲ್ಲಿ ಎಂಟು ಕಾಲೇಜುಗಳಿದ್ದು ಎಂಟೂ ದುರ್ಲಭವಾಗಿದ್ದರೆ ಅದು ಮೀಸಲಲ್ಲ, ಆಸೆಯ ಪುನರಾವೃತ್ತಿ. ಮೂರು ಲಕ್ಷಣಗಳು ಕೂಡಿದ ಕಾಲೇಜುಗಳು ಎರಡಾದರೂ ಇರಬೇಕು: ಮಗುವಿನ ಅಂಕಗಳಿಗೆ ಪ್ರವೇಶ ಬಹುಮಟ್ಟಿಗೆ ನಿಶ್ಚಿತವಾಗಿರಬೇಕು, ಶುಲ್ಕ ಮನೆಯ ಶಕ್ತಿಗೆ ನಿಲುಕಬೇಕು, ಅಲ್ಲಿ ಓದಲು ಮಗು ಸಂತೋಷದಿಂದ ಒಪ್ಪಬೇಕು. ಮೂರನೆಯದನ್ನು ಅನೇಕರು ಮರೆಯುತ್ತಾರೆ. ಸ್ವಂತ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ನಿವಾಸಿಗಳಿಗೆ ಶುಲ್ಕ ಕಡಿಮೆಯಿರುವುದರಿಂದ ಮೊದಲು ಅತ್ತ ನೋಡುವುದು ಜಾಣತನ. 2011ರಿಂದ ಬಹುತೇಕ ಕಾಲೇಜುಗಳು ಮನೆಯ ಆದಾಯಕ್ಕೆ ತಕ್ಕ ಅಂದಾಜು ವೆಚ್ಚ ತಿಳಿಸುವ ಸಾಧನವನ್ನು ತಮ್ಮ ಜಾಲತಾಣದಲ್ಲಿ ಇರಿಸಬೇಕೆಂಬ ನಿಯಮವಿದೆ. ಸಹಿ ಹಾಕುವ ಮುನ್ನ ಅದನ್ನು ನೋಡಬೇಕು.

ಮೂರನೆಯದು ಎರಡನೆಯ ಸುತ್ತಿನ ವಿವೇಕ. ಕೆಲವು ಕಾಲೇಜುಗಳು ಜನವರಿಯ ಸುಮಾರಿಗೆ ಮತ್ತೊಮ್ಮೆ ಇಂತಹದೇ ಕಟ್ಟುಪಾಡಿನ ಅರ್ಜಿ ಕರೆದು ಫೆಬ್ರವರಿಯಲ್ಲಿ ಉತ್ತರಿಸುತ್ತವೆ. ಮೊದಲ ಕಾಲೇಜು ನಿರಾಕರಿಸಿದರೆ ಅಥವಾ ತೀರ್ಮಾನವನ್ನು ಮುಂದೂಡಿದರೆ ಆ ಮಾತಿನ ಬಂಧನ ಕಳಚುತ್ತದೆ. ಹಾಗೆಂದು ದುಗುಡದ ಭರದಲ್ಲಿ ಇನ್ನೊಂದು ಮಾತು ಕೊಡಬಾರದು.

ಬೆಂಗಳೂರು, ಹುಬ್ಬಳ್ಳಿಗಳಿಂದ ನೇರವಾಗಿ ಅರ್ಜಿ ಹಾಕುವವರಿಗೂ ಒಂದು ಮಾತು. ಅಲ್ಲಿನ ಹೆಚ್ಚಿನ ಕಾಲೇಜುಗಳು ವಿದೇಶಿ ವಿದ್ಯಾರ್ಥಿಗೆ ನೆರವು ಬೇಕೇ ಎಂಬುದನ್ನೂ ಎಣಿಸಿಯೇ ಪ್ರವೇಶ ತೀರ್ಮಾನಿಸುತ್ತವೆ. ಆಮ್ಹರ್ಸ್ಟ್, ಡಾರ್ಟ್‌ಮತ್, ಬೋಡನ್, ಬ್ರೌನ್ ಅಪವಾದದ ಸಾಲಿನವು. ಡಿಸೆಂಬರ್‌ನಲ್ಲಿ ಉತ್ತರ ಬಂದ ಮೇಲೂ ನಮ್ಮ ಸಿಇಟಿಗೆ ಹೆಸರು ನೋಂದಾಯಿಸಲು ಸಾಮಾನ್ಯವಾಗಿ ಕಾಲಾವಕಾಶವಿರುತ್ತದೆ. ಮನೆಯಂಗಳದ ಆ ಬಾಗಿಲನ್ನು ಕೀಳೆಂದು ಮುಚ್ಚಿಕೊಳ್ಳಬಾರದು.

ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಸಾರಿದ ಶರಣರ ಪರಂಪರೆ ನಮ್ಮದು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕೂಡಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದಾಗ ಅವರ ಬಳಿ ಇದ್ದುದು ದೊಡ್ಡ ಹೆಸರಲ್ಲ, ಕಲಿಸುವ ಹಂಬಲ. ಕಲಿಯುವ ಹಂಬಲವುಳ್ಳ ಮಗು ಎರಡನೆಯ ಬಾಗಿಲಿನಿಂದ ಒಳಹೊಕ್ಕರೂ ಕಲಿಯುತ್ತದೆ.

ಊರಿನಲ್ಲಿರುವ ಅಜ್ಜ ಅಜ್ಜಿಯರಲ್ಲಿ ನನ್ನ ವಿನಂತಿಯಿಷ್ಟೆ: ಡಿಸೆಂಬರ್ ತಿಂಗಳಲ್ಲಿ ಮೊಮ್ಮಗಳಿಗೆ ಫೋನು ಮಾಡಿದಾಗ "ಸೀಟು ಸಿಕ್ಕಿತೇ?" ಎಂದು ಮೊದಲು ಕೇಳಬೇಡಿರಿ. "ಪ್ರಸಾದವಾಯಿತೇನವ್ವಾ?" ಎಂದು ಕೇಳಿರಿ. ಉಳಿದುದನ್ನು ಅವಳೇ ಹೇಳುತ್ತಾಳೆ.