ಸಾಮಾನ್ಯ ಪತ್ರಕೋಶಗಳ ಸ್ಥಳಾಂತರ ವಿಚಾರ

ಈ ಪುಟಗಳನ್ನು ತಿಂಗಳು ತಿಂಗಳೂ ಓದತಕ್ಕ ಗೃಹಿಣಿಯೊಬ್ಬರು ನಮಗೊಂದು ಪ್ರಶ್ನೆಯನ್ನು ಬರೆದು ಕಳುಹಿಸಿರುವರು. ಅವರ ಯಜಮಾನರು ಒಂದು ಸಹಕಾರ ಸಂಘದ ಕಾರ್ಯದರ್ಶಿಗಳು. ಸಂಘದ ಕಛೇರಿಯ ಹಿಂಬದಿಯ ಕೋಣೆಯಲ್ಲಿ ಬಹು ವರ್ಷಗಳಿಂದ ನಡೆದುಬಂದ ಇ-ಮೇಲ್ ಸರ್ವರನ್ನು ನಿಲ್ಲಿಸಿ, ಪತ್ರಗಳೆಲ್ಲವನ್ನೂ ‘ಕ್ಲೌಡ್’ ಎಂಬಲ್ಲಿಗೆ ಸಾಗಿಸುವುದೆಂದು ಆಡಳಿತ ಮಂಡಲಿಯಲ್ಲಿ ನಿಶ್ಚಯವಾಗಿದೆಯಂತೆ. ಅವರವರ ಸ್ವಂತ ಪತ್ರಗಳ ವಿಷಯದಲ್ಲಿ ಯಾರಿಗೂ ಕಳವಳವಿಲ್ಲ. ಎಲ್ಲರೂ ಕೂಡಿ ಬಳಸುತ್ತಿದ್ದ ಸಾಮಾನ್ಯ ಫೋಲ್ಡರುಗಳ ಗತಿಯೇನೆಂಬ ಯೋಚನೆಯಿಂದ ಯಜಮಾನರು ಎಲೆಯ ಮುಂದೆ ಕುಳಿತಾಗಲೂ ಅನ್ಯಮನಸ್ಕರಾಗಿರುವರಂತೆ. ಇಷ್ಟಕ್ಕೆ ಇಷ್ಟೊಂದು ಚಿಂತೆ ಬೇಕೆ, ಎಂದು ಆ ತಾಯಿಯ ಪ್ರಶ್ನೆ.

ಬೇಕು ಎಂಬುದೇ ನಮ್ಮ ಉತ್ತರ. ಆದರೆ ಆ ಚಿಂತೆಯು ಯಂತ್ರದ ವಿಷಯದಲ್ಲಿ ಕೊಂಚವೂ ಮನುಷ್ಯರ ವಿಷಯದಲ್ಲಿ ಹೆಚ್ಚಾಗಿಯೂ ಇರತಕ್ಕದ್ದು.

ಮೊದಲು ವಸ್ತುಸ್ವರೂಪವನ್ನು ತಿಳಿಯೋಣ. ಮೈಕ್ರೋಸಾಫ್ಟ್ ಸಂಸ್ಥೆಯವರು 1996ರಲ್ಲಿ ಎಕ್ಸ್‌ಚೇಂಜ್ ಸರ್ವರ್ ಎಂಬ ತಂತ್ರಾಂಶವನ್ನು ಹೊರತಂದಾಗಲೇ ಅದರಲ್ಲಿ ‘ಪಬ್ಲಿಕ್ ಫೋಲ್ಡರ್’ ಎಂಬ ಏರ್ಪಾಡು ಇದ್ದಿತು. ಹೆಸರು ಪಬ್ಲಿಕ್ ಎಂದಿದ್ದರೂ ಇದು ಬೀದಿಯಲ್ಲಿ ಹೋಗುವವರಿಗೆ ತೆರೆದುದಲ್ಲ. ಕಛೇರಿಯೊಳಗಿನವರಿಗೆ ಮಾತ್ರ ಸಾಮಾನ್ಯವಾದುದು. ಒಂದು ಬೇರು, ಅದರಿಂದ ಕೊಂಬೆಗಳು, ಕೊಂಬೆಗೆ ಉಪಕೊಂಬೆಗಳು, ಹೀಗೆ ಅದರ ವಿಸ್ತಾರ. ‘ಸಾಲ’ ಎಂಬ ಕೋಶದೊಳಗೆ ‘ಗೃಹಸಾಲ’, ಅದರೊಳಗೆ ವರ್ಷವಾರು ಕೋಶಗಳು. ಕೆಲವು ಕೋಶಗಳಿಗೆ ತಮ್ಮದೇ ಆದ ವಿಳಾಸವಿದ್ದು, ಹೊರಗಿನವರು ಆ ವಿಳಾಸಕ್ಕೆ ಬರೆದ ಪತ್ರವು ನೆಟ್ಟಗೆ ಕೋಶಕ್ಕೇ ಬಂದು ಬೀಳುವುದು. ಯಾರು ಓದಬಹುದು, ಯಾರು ಬರೆಯಬಹುದು, ಯಾರು ಅಳಿಸಬಹುದು ಎಂಬ ಅಧಿಕಾರವನ್ನು ಪ್ರತಿಯೊಂದು ಕೋಶಕ್ಕೂ ಬೇರೆ ಬೇರೆಯಾಗಿ ಗೊತ್ತುಮಾಡಬಹುದು.

ನಮ್ಮ ದೇಶದವರಿಗೆ ಇದರಲ್ಲಿ ಹೊಸತೇನೂ ಇಲ್ಲ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿ, ಬಳಪದಿಂದ ಲೆಕ್ಕಪತ್ರಗಳನ್ನು ಬರೆದಿಡುತ್ತಿದ್ದ ಕಡತಗಳು ನಮ್ಮ ಮಠಗಳಲ್ಲಿಯೂ ವರ್ತಕರ ಮನೆಗಳಲ್ಲಿಯೂ ಇದ್ದುವು. ಶೃಂಗೇರಿ ಮಠದ ಕಡತಗಳು ಚರಿತ್ರಕಾರರಿಗೆ ಚೆನ್ನಾಗಿ ಪರಿಚಿತವಾದುವು. ಬಟ್ಟೆ ಹೋಗಿ ಕಾಗದ ಬಂದರೂ ಕಛೇರಿಯವರು ಕಡತವೆಂಬ ಹೆಸರನ್ನು ಬಿಡಲಿಲ್ಲ. ಕಾಗದವೂ ಹೋಗುತ್ತಿರುವ ಈ ಕಾಲದಲ್ಲಿ ಆ ಹೆಸರನ್ನೇ ಉಳಿಸಿಕೊಂಡರೆ ನಷ್ಟವಿಲ್ಲವೆಂದು ನಮ್ಮ ಭಾವನೆ; ಆದರೂ ಫೋಲ್ಡರ್ ಎಂದರೆ ಮಕ್ಕಳಿಗೂ ತಿಳಿಯುವುದರಿಂದ ಎರಡನ್ನೂ ಬಳಸುವೆವು.

ಇದ್ದ ಸ್ಥಳವನ್ನು ಬಿಟ್ಟು ಏಕೆ ಹೋಗಬೇಕು? ಎಲ್ಲರೂ ಹೋಗುತ್ತಿರುವರೆಂಬುದು ಕಾರಣವಲ್ಲ. ಬಲವಾದ ಕಾರಣಗಳು ಬೇರೆ ಇವೆ. ತಂತ್ರಾಂಶಕ್ಕೂ ಆಯುಸ್ಸುಂಟು, ತಯಾರಕರು ಅದರ ದೋಷಗಳನ್ನು ತಿದ್ದುವುದನ್ನು ಒಂದು ದಿನ ನಿಲ್ಲಿಸುವರು. ಎಕ್ಸ್‌ಚೇಂಜ್ 2010ಕ್ಕೆ ಆಸರೆಯು 2020ರ ಅಕ್ಟೋಬರ್ 13ರಂದೂ, 2013ರ ಆವೃತ್ತಿಗೆ 2023ರ ಏಪ್ರಿಲ್ 11ರಂದೂ, 2016 ಮತ್ತು 2019ರ ಆವೃತ್ತಿಗಳಿಗೆ 2025ರ ಅಕ್ಟೋಬರ್ 14ರಂದೂ ಮುಗಿಯಿತು. ತಿದ್ದುವವರಿಲ್ಲದ ಸರ್ವರನ್ನು ಅಂತರ್ಜಾಲಕ್ಕೆ ಜೋಡಿಸಿಡುವುದೆಂದರೆ ಅಗುಳಿ ಸವೆದ ಬಾಗಿಲನ್ನು ನಂಬಿ ಮಲಗಿದಂತೆಯೇ. 2021ರ ಮಾರ್ಚ್ 2ರಂದು ಈ ತಂತ್ರಾಂಶದಲ್ಲಿ ನಾಲ್ಕು ದೋಷಗಳು ಪ್ರಕಟವಾದುವು. ಕಳ್ಳರು ಅದಕ್ಕೆ ಮುಂಚೆಯೇ ಅವುಗಳ ಮೂಲಕ ಒಳನುಗ್ಗಿದ್ದರು. ಸ್ವಂತ ಕೋಣೆಯಲ್ಲಿ ಸರ್ವರ್ ಇಟ್ಟುಕೊಂಡವರಿಗೆ ಬಂದ ಆ ವಿಪತ್ತು ಎಕ್ಸ್‌ಚೇಂಜ್ ಆನ್‌ಲೈನಿನಲ್ಲಿದ್ದವರಿಗೆ ಬರಲಿಲ್ಲ. ಹೊಸ ಆವೃತ್ತಿಯನ್ನು ಕೊಂಡು ಮನೆಯಲ್ಲಿಯೇ ಇಟ್ಟುಕೊಳ್ಳಲು ಇಂದಿಗೂ ಅವಕಾಶವುಂಟು. ಆದರೆ ಅದನ್ನು ಹಗಲಿರುಳು ನೋಡಿಕೊಳ್ಳಬಲ್ಲ ಜನವಿಲ್ಲದ ಸಣ್ಣ ಸಂಘಕ್ಕೆ ನಾವು ಅದನ್ನು ಹೇಳಲಾರೆವು.

ಕ್ಲೌಡ್ ಎಂದೊಡನೆ ನಮ್ಮಂಥ ಸಂಸ್ಕೃತದವರಿಗೆ ಯಕ್ಷನ ಸಂದೇಶವನ್ನು ಹೊತ್ತ ಮೇಘದ ನೆನಪು ಬರುವುದು ಸಹಜ. ಇಲ್ಲಿ ಮೇಘವೂ ಇಲ್ಲ, ಆಕಾಶವೂ ಇಲ್ಲ. ನೆಲದ ಮೇಲೆಯೇ ಕಟ್ಟಿದ ದೊಡ್ಡ ಕಟ್ಟಡಗಳಲ್ಲಿ ಬೇರೊಬ್ಬರು ನಡೆಸುವ ಯಂತ್ರಗಳಿಗೆ ಈ ಹೆಸರು. ಮೈಕ್ರೋಸಾಫ್ಟಿನವರೇ 2015ರಲ್ಲಿ ಪುಣೆ, ಚೆನ್ನೈ, ಮುಂಬಯಿಗಳಲ್ಲಿ ಇಂತಹ ಕೇಂದ್ರಗಳನ್ನು ತೆರೆದರು. ಆದುದರಿಂದ ಇದು ಪರರ ಮನೆಯಲ್ಲಿ ನಮ್ಮ ವಸ್ತುವನ್ನು ಇಡುವ ವ್ಯವಹಾರವೇ ಹೊರತು ಮತ್ತೇನೂ ಅಲ್ಲ. ನಮ್ಮ ಧರ್ಮಶಾಸ್ತ್ರಕಾರರು ಹೇಳಿದ ಹದಿನೆಂಟು ವ್ಯವಹಾರಪದಗಳಲ್ಲಿ ಋಣಾದಾನದ ಹಿಂದೆಯೇ ಬರುವುದು ನಿಕ್ಷೇಪ. ಎಂದರೆ ನಂಬಿ ಇಟ್ಟ ಒಡವೆ. ಎಣಿಸಿ ತೋರಿಸಿ ಇಟ್ಟುದಕ್ಕೂ ಮುದ್ರೆ ಹಾಕಿ ಒಳಗೇನಿದೆಯೆಂದು ಹೇಳದೆ ಇಟ್ಟುದಕ್ಕೂ ನಾರದಸ್ಮೃತಿಯಲ್ಲಿ ಭೇದವನ್ನು ಮಾಡಿದೆ. ನಮ್ಮ ಕಛೇರಿಗಳವರು ಬಹುಮಟ್ಟಿಗೆ ಎರಡನೆಯ ಬಗೆಯವರು: ಒಳಗೇನಿದೆಯೆಂದು ಹೇಳುವುದಿಲ್ಲ, ಏಕೆಂದರೆ ಅವರಿಗೇ ತಿಳಿದಿರುವುದಿಲ್ಲ.

ನಮಗೆ ಪರಿಚಿತವಾದ ಒಂದು ವಿದ್ಯಾಸಂಸ್ಥೆಯಲ್ಲಿ ನಡೆದುದನ್ನು ಇಲ್ಲಿ ಹೇಳಬೇಕು. ಮೂರು ವರ್ಷಗಳ ಹಿಂದೆ ಅಲ್ಲಿಯೂ ಸ್ಥಳಾಂತರದ ಏರ್ಪಾಡಾಯಿತು. ಆ ಕೆಲಸಕ್ಕೆಂದು ಕರೆಸಿದ್ದ ಇಂಜಿನಿಯರು ಚುರುಕಾದ ಹುಡುಗ, ಕೆಲಸ ಬಲ್ಲವನು. ಐದು ವರ್ಷಗಳಿಂದ ಯಾರೂ ಹೊಸ ಪತ್ರ ಸೇರಿಸದ ಕೋಶಗಳನ್ನೆಲ್ಲ ಪಟ್ಟಿ ಮಾಡಿ, ಇವನ್ನು ಬಿಟ್ಟುಬಿಡೋಣ, ಹೊರೆ ಅರ್ಧಕ್ಕರ್ಧ ಇಳಿಯುವುದು, ಎಂದು ಸೂಚಿಸಿದನು. ಅವನ ಮಾತಿನಲ್ಲಿ ನ್ಯಾಯವಿತ್ತು. ಪಟ್ಟಿಯಲ್ಲಿದ್ದುವು ಬಹುಪಾಲು ಹಳೆಯ ವಾರ್ಷಿಕೋತ್ಸವದ ಚಿತ್ರಗಳೂ ಒಂದೇ ಸುತ್ತೋಲೆಯ ಹತ್ತಾರು ಪ್ರತಿಗಳೂ ಆಗಿದ್ದುವು. ಅವುಗಳ ನಡುವೆ ‘ಇತರೆ 2’ ಎಂಬ ಹೆಸರಿನ ಕೋಶವೊಂದಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಗುಮಾಸ್ತರು ನಿವೃತ್ತರಾಗಿ, ಅವರ ಖಾತೆಯೂ ಅಳಿಸಿಹೋಗಿ, ಅಧಿಕಾರದ ಪಟ್ಟಿಯಲ್ಲಿ ಅವರ ಹೆಸರಿದ್ದ ಕಡೆ ಅಂಕಿ ಅಕ್ಷರಗಳ ಒಂದು ಉದ್ದ ಸಾಲು ಮಾತ್ರ ಉಳಿದಿತ್ತು. ಸಮಿತಿಯಲ್ಲಿದ್ದ ಹಿರಿಯರೊಬ್ಬರು, ಬಿಡುವ ಮುನ್ನ ಪ್ರತಿಯೊಂದನ್ನೂ ತೆರೆದು ನೋಡಲೇಬೇಕೆಂದು ಹಟ ಹಿಡಿದರು. ನೋಡಿದರೆ ಅದರಲ್ಲಿ ಉಪಾಧ್ಯಾಯರ ಸೇವಾವಧಿಯನ್ನು ಕುರಿತು ಇಲಾಖೆಯೊಡನೆ ನಡೆದ ಪತ್ರವ್ಯವಹಾರ! ಕಾಗದದ ಪ್ರತಿಗಳು ಮಳೆಗಾಲದಲ್ಲಿ ಸೋರಿದ ಕೋಣೆಯಲ್ಲಿ ಹಾಳಾಗಿದ್ದುವು. ಅಲ್ಲಿಯೇ ಪಾಠ ಹೇಳಿ ತೀರಿಕೊಂಡ ಉಪಾಧ್ಯಾಯರೊಬ್ಬರ ಪತ್ನಿಯು ಕುಟುಂಬ ಪಿಂಚಣಿಗಾಗಿ ಎರಡು ವರ್ಷಗಳಿಂದ ಅಲೆಯುತ್ತಿದ್ದರು; ಪತಿಯ ಮೊದಲ ನಾಲ್ಕು ವರ್ಷಗಳ ಸೇವೆಯನ್ನು ಲೆಕ್ಕಕ್ಕೆ ಹಿಡಿದುದಕ್ಕೆ ಆಧಾರವೆಲ್ಲಿ ಎಂಬ ಒಂದೇ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ. ಆ ಆಧಾರವು ‘ಇತರೆ 2’ರಲ್ಲಿ, ಏಳು ಸಾಲುಗಳ ಒಂದು ಇ-ಮೇಲಿನಲ್ಲಿ ಇದ್ದಿತು.

ಆ ಹುಡುಗನನ್ನು ದೂರುವುದಕ್ಕಾಗಿ ಇದನ್ನು ಹೇಳಲಿಲ್ಲ. ಯಾವುದು ದೊಡ್ಡದು, ಯಾವುದು ಹಳತು ಎಂಬುದನ್ನು ಯಂತ್ರವು ಹೇಳಬಲ್ಲದು; ಯಾವುದು ಬೇಕಾದುದೆಂಬುದನ್ನು ಆ ಮನೆಯವರೇ ಹೇಳಬೇಕು. ಆದುದರಿಂದ ಕಾರ್ಯದರ್ಶಿಗಳು ಮಾಡತಕ್ಕ ಮೊದಲನೆಯ ಕೆಲಸವೆಂದರೆ, ಕೋಶಗಳ ಪೂರ್ಣ ಪಟ್ಟಿಯನ್ನು ಮುದ್ರಿಸಿಕೊಂಡು, ಹಳೆಯ ಗುಮಾಸ್ತರನ್ನು ಒಂದು ಮಧ್ಯಾಹ್ನ ಕಾಫಿಗೆ ಕರೆದು, ಇದು ಯಾರದು, ಇದರಲ್ಲೇನಿದೆ ಎಂದು ಒಂದೊಂದನ್ನೂ ಕೇಳಿ ಬರೆದುಕೊಳ್ಳುವುದು. ಇದಕ್ಕೆ ತಂತ್ರಜ್ಞಾನವೇನೂ ಬೇಡ.

ಅನಂತರ ಎಣಿಕೆ. ಪ್ರತಿ ಕೋಶದಲ್ಲಿ ಎಷ್ಟು ಪತ್ರಗಳು, ಅವುಗಳ ಗಾತ್ರವೆಷ್ಟು, ಯಾರ ಯಾರಿಗೆ ಯಾವ ಅಧಿಕಾರ ಎಂಬ ಮೂರನ್ನೂ ಹೊರಡುವ ಮುನ್ನ ದಾಖಲಿಸಿಡಬೇಕು. ಸೇರಿದ ಮೇಲೆ ಮತ್ತೆ ಎಣಿಸಿ ತಾಳೆ ನೋಡಬೇಕು. ಮದುವೆಯ ಮನೆಗೆ ಪಾತ್ರೆಗಳನ್ನು ಎರವಲು ಕೊಡುವಾಗ ನಮ್ಮ ಮನೆಗಳ ಹೆಂಗಸರು ಇದನ್ನು ಯಾರೂ ಹೇಳಿಕೊಡದೆಯೇ ಮಾಡುವರು. ಹೆಸರುಗಳನ್ನೂ ಒಮ್ಮೆ ನೋಡಿಕೊಳ್ಳುವುದು ಅವಶ್ಯ. ಕೋಶದ ಹೆಸರಿನ ನಡುವೆ ಓರೆಗೆರೆಯಿದ್ದರೆ, ಉದಾಹರಣೆಗೆ ವರ್ಷವನ್ನು ‘2014/15’ ಎಂದು ಬರೆದಿದ್ದರೆ, ಸಾಗಿಸುವ ವಿಧಾನವು ಅಲ್ಲಿ ಎಡವುವುದುಂಟು. ಮೊದಲೇ ‘2014-15’ ಎಂದು ತಿದ್ದಿಬಿಟ್ಟರೆ ತೊಡಕಿಲ್ಲ. ಅಲ್ಲದೆ, ಕೋಶದ ವಿಳಾಸದಿಂದಲೇ ಪತ್ರವನ್ನು ಕಳುಹಿಸುವ ಅಧಿಕಾರವು ತಾನಾಗಿ ಹೊಸ ಸ್ಥಳಕ್ಕೆ ಬರುವುದಿಲ್ಲ. ಅದನ್ನು ಬರೆದಿಟ್ಟುಕೊಂಡು ಅಲ್ಲಿ ಮತ್ತೆ ಕೊಡಬೇಕು. ಇದನ್ನು ಮರೆತ ಕಛೇರಿಗಳಲ್ಲಿ ಸೋಮವಾರ ಬೆಳಗ್ಗೆ ಗದ್ದಲವಾಗುವುದು.

ಅಧಿಕಾರದ ಮಾತು ಬಂದುದರಿಂದ ಇನ್ನೊಂದು. ಪ್ರತಿ ಕೋಶದ ಪಟ್ಟಿಯಲ್ಲಿಯೂ ‘ಡಿಫಾಲ್ಟ್’ ಎಂಬ ಒಂದು ಸಾಲಿರುವುದು. ಬೇರೆ ಹೆಸರಿಸದ ಸಿಬ್ಬಂದಿಗೆಲ್ಲ ಅದೇ ಅನ್ವಯಿಸುವುದು. ಸಂಬಳದ ತಕರಾರು, ಕಾಯಿಲೆಯ ರಜೆಯ ಅರ್ಜಿ ಮೊದಲಾದುವು ಇರುವ ಕೋಶದಲ್ಲಿ ಆ ಸಾಲು ತೆರೆದೇ ಇದ್ದರೆ, ಅಷ್ಟು ವರ್ಷವೂ ಎಲ್ಲರೂ ಅದನ್ನು ಓದಬಹುದಾಗಿತ್ತೆಂದೇ ಅರ್ಥ. ಹಳೆಯ ಮನೆಯಲ್ಲಿದ್ದ ಈ ಸಡಿಲವನ್ನು ಹೊಸ ಮನೆಗೂ ಕೊಂಡೊಯ್ಯಬೇಕಾದುದಿಲ್ಲ.

ಕಾಲದ ಲೆಕ್ಕವನ್ನು ಬಾಲಕರೂ ಮಾಡಬಹುದು. ಕೋಶಗಳ ಗಾತ್ರ 50 ಗಿಗಾಬೈಟ್ ಎನ್ನೋಣ. ಎಂದರೆ 50,000 ಮೆಗಾಬೈಟ್. ಬೈಟಿಗೆ ಎಂಟು ಬಿಟ್ಟಿನಂತೆ 4,00,000 ಮೆಗಾಬಿಟ್. ಕಛೇರಿಯಿಂದ ಹೊರಕ್ಕೆ ಹೋಗುವ ತಂತಿಯು ಸೆಕೆಂಡಿಗೆ 20 ಮೆಗಾಬಿಟ್ ಒಯ್ಯುವುದಾದರೆ 20,000 ಸೆಕೆಂಡು, ಸುಮಾರು ಐದೂವರೆ ಗಂಟೆ. ಇದು ಕಾಗದದ ಮೇಲಿನ ಲೆಕ್ಕ. ಅದೇ ತಂತಿಯಲ್ಲಿ ಉಳಿದ ಕೆಲಸಗಳೂ ನಡೆಯುವುದರಿಂದಲೂ, ಆಚೆಯ ಕಡೆಯವರು ಒಬ್ಬರಿಂದಲೇ ಅತಿ ವೇಗವಾಗಿ ತೆಗೆದುಕೊಳ್ಳದಂತೆ ತಡೆ ಇಟ್ಟಿರುವುದರಿಂದಲೂ, ವಾಸ್ತವದಲ್ಲಿ ಇದರ ಹಲವು ಪಟ್ಟು ಹಿಡಿಯುವುದು.

ಆದರೆ ಅಷ್ಟು ಹೊತ್ತೂ ಕಛೇರಿಯನ್ನು ಮುಚ್ಚಬೇಕಾಗಿಲ್ಲ. ಮೊದಲ ಸುತ್ತಿನ ನಕಲು ನಡೆಯುತ್ತಿರುವಾಗ ಜನರು ಎಂದಿನಂತೆ ಹಳೆಯ ಕೋಶಗಳನ್ನೇ ಬಳಸುತ್ತಿರಬಹುದು. ಅದು ಮುಗಿದ ಮೇಲೆ ಹಳೆಯ ಕೋಶಗಳಿಗೆ ಬೀಗ ಹಾಕಿ, ಅಷ್ಟರಲ್ಲಿ ಬದಲಾದುದನ್ನು ಮಾತ್ರ ಕೊನೆಯ ಬಾರಿಗೆ ಒಯ್ಯುವರು. ಬೀಗ ಬಿದ್ದ ಆ ಅವಧಿಯಲ್ಲಿ ಯಾರಿಗೂ ಕೋಶಗಳು ಸಿಕ್ಕುವುದಿಲ್ಲ. ಕೋಶದ ವಿಳಾಸಕ್ಕೆ ಬಂದ ಪತ್ರಗಳು ಸಾಲಿನಲ್ಲಿ ಕಾದು ನಿಂತು ಆಮೇಲೆ ತಲಪುವುವು. ಅರ್ಧ ಕೋಶಗಳು ಇಲ್ಲಿ, ಅರ್ಧ ಅಲ್ಲಿ ಎಂಬ ವ್ಯವಸ್ಥೆಗೆ ಇದರಲ್ಲಿ ಅವಕಾಶವಿಲ್ಲ. ಎಲ್ಲರ ಸ್ವಂತ ಅಂಚೆಪೆಟ್ಟಿಗೆಗಳು ಮೊದಲು ಹೋಗಿ, ಸಾಮಾನ್ಯ ಕೋಶಗಳು ಕಟ್ಟಕಡೆಗೆ ಹೋಗುವುದು ಕ್ರಮ. ಶನಿವಾರ ಸಂಜೆ ಬೀಗ ಹಾಕುವುದು ಒಳ್ಳೆಯದು; ಲೆಕ್ಕಪರಿಶೋಧನೆಯ ವಾರವನ್ನೂ ಮಾರ್ಚ್ ತಿಂಗಳನ್ನೂ ಸರ್ವಥಾ ಬಿಡತಕ್ಕದ್ದು.

ಕೆಲವರು ಇಷ್ಟೆಲ್ಲ ಏಕೆಂದು, ಹಳೆಯ ಪತ್ರಗಳನ್ನು ಒಂದೊಂದಾಗಿ ಹೊಸ ವಿಳಾಸಕ್ಕೆ ‘ಫಾರ್ವರ್ಡ್’ ಮಾಡಿಬಿಡುವರು. ಇದು ಕೂಡದು. ಹಾಗೆ ಮಾಡಿದರೆ ಪತ್ರದ ಮೇಲೆ ಕಳುಹಿಸಿದವರ ಹೆಸರು ಫಾರ್ವರ್ಡ್ ಮಾಡಿದವರದಾಗಿಯೂ, ದಿನಾಂಕವು ಅಂದಿನದಾಗಿಯೂ ಬದಲಾಗುವುದು. 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 7ನೆಯ ಪ್ರಕರಣವು ವಿದ್ಯುನ್ಮಾನ ದಾಖಲೆಯನ್ನು ಕಾಪಾಡುವ ಬಗೆಯನ್ನು ಹೇಳುವಾಗ, ಮುಂದೆ ಬೇಕಾದಾಗ ದೊರೆಯುವಂತಿರಬೇಕು, ಮೂಲದ ರೂಪದಲ್ಲಿ ಅಥವಾ ಮೂಲವನ್ನು ಯಥಾವತ್ತಾಗಿ ತೋರಿಸುವ ರೂಪದಲ್ಲಿರಬೇಕು, ಎಲ್ಲಿಂದ ಎಲ್ಲಿಗೆ ಯಾವಾಗ ಹೋಯಿತೆಂಬ ವಿವರವಿರಬೇಕು ಎಂದು ವಿಧಿಸಿರುವುದು. ಆ ವಿಧವೆಯು ಪಡೆದ ಏಳು ಸಾಲಿನ ಪತ್ರಕ್ಕೆ ಬೆಲೆ ಬಂದುದು ಅದರ ತಲೆಯ ಮೇಲೆ ಇಲಾಖೆಯ ವಿಳಾಸವೂ ಅಂದಿನ ತೇದಿಯೂ ಹಾಗೆಯೇ ಇದ್ದುದರಿಂದ.

ಸಾಮಾನ್ಯ ಕೋಶಗಳನ್ನೆಲ್ಲ ಅದೇ ರೂಪದಲ್ಲಿ ಒಯ್ಯಲೇಬೇಕೆ ಎಂದರೆ, ಹಾಗೇನೂ ಇಲ್ಲ. ನಾಲ್ಕು ಜನ ಸೇರಿ ದಿನವೂ ಉತ್ತರಿಸುವ ಒಂದೆರಡು ವಿಳಾಸಗಳು ಮಾತ್ರ ಇದ್ದರೆ ‘ಷೇರ್ಡ್ ಮೇಲ್‌ಬಾಕ್ಸ್’ ಎಂಬುದು ಸಾಕು; 50 ಗಿಗಾಬೈಟಿನವರೆಗೆ ಅದಕ್ಕೆ ಪ್ರತ್ಯೇಕ ಶುಲ್ಕವಿಲ್ಲ. ಆಳವಾದ ಕೊಂಬೆ ಉಪಕೊಂಬೆಗಳಿದ್ದು, ಕೊಂಬೆಗೊಂದು ಬಗೆಯ ಅಧಿಕಾರವಿದ್ದರೆ ಪಬ್ಲಿಕ್ ಫೋಲ್ಡರುಗಳಾಗಿಯೇ ಉಳಿಯುವುದು ಮೇಲು.

ಹೊಸ ಸ್ಥಳವನ್ನು ಎಲ್ಲರಿಗೂ ಒಮ್ಮೆಲೆ ತೆರೆಯದೆ, ಮೊದಲು ಒಬ್ಬಿಬ್ಬರಿಗೆ ಮಾತ್ರ ತೋರಿಸಿ, ಅವರು ಓದಿ, ಬರೆದು, ಹೊಸ ಕೋಶ ಮಾಡಿ ಅಳಿಸಿ, ಹೊರಗಿನಿಂದ ಒಂದು ಪತ್ರ ತರಿಸಿ ನೋಡಲಿ. ಏಕೆಂದರೆ ಎಲ್ಲರಿಗೂ ತೆರೆದ ಮೇಲೆ ಹಿಂದಕ್ಕೆ ಬರುವುದಾದರೆ, ಅಷ್ಟರಲ್ಲಿ ಅಲ್ಲಿ ಸೇರಿದ ಹೊಸ ಪತ್ರಗಳು ಹಳೆಯ ಸರ್ವರಿಗೆ ತಾವಾಗಿ ಹಿಂತಿರುಗುವುದಿಲ್ಲ. ಎಣಿಕೆ ತಾಳೆಯಾಯಿತೆಂದು ಇಂಜಿನಿಯರೂ ಕಾರ್ಯದರ್ಶಿಗಳೂ ಇಬ್ಬರೂ ರುಜು ಹಾಕುವವರೆಗೆ ಹಳೆಯ ಸರ್ವರನ್ನು ಅಳಿಸಕೂಡದು. ಅದಾದ ಮೇಲೂ ಗುಜರಿಯವನಿಗೆ ತೂಕಕ್ಕೆ ಹಾಕುವ ಮುನ್ನ ಅದರೊಳಗಿನ ಡಿಸ್ಕುಗಳನ್ನು ತೆಗೆಸಿ, ಪೂರ್ಣವಾಗಿ ಅಳಿಸಿ ಅಥವಾ ಮುರಿಸಿ, ಆ ಸಂಗತಿಯನ್ನು ಸಭೆಯ ನಡವಳಿಕೆಯ ಪುಸ್ತಕದಲ್ಲಿ ಬರೆಸತಕ್ಕದ್ದು.