ಚೀಲದಲ್ಲಿ ಇನ್ನೊಂದು ಲುಂಗಿ

ಶನಿವಾರ ಸಂಜೆ, ಹುಬ್ಬಳ್ಳಿಯಿಂದ ಇಳಿದು ಬರುವ ಬಸ್ಸು. ಅರಬೈಲ್ ಘಟ್ಟದ ತಿರುವಿನಲ್ಲಿ ಅಂಕೋಲೆ ಬಳಿಯ ಕೇಣಿಯ ನನ್ನ ಮಾವ ಕಂಬಿ ಹಿಡಿದು ಎದ್ದು ಹೋಗಿ ಡ್ರೈವರ್ ಕಿವಿಯಲ್ಲಿ ಏನೋ ಹೇಳಿದರು. "ಘಟ್ಟ ಇಳೀಲಿ, ತಡೀರಿ ಯಜಮಾನ್ರ" ಎಂದ ಆತ. ಮಾವ ಬಂದು ಕೂತರು. ನಲವತ್ತು ವರ್ಷ ದೋಣಿಗೆ ತಾಂಡೇಲರಾಗಿ ಆಳುಗಳನ್ನು ಗದರಿಸಿ ದುಡಿಸಿದ ಮನುಷ್ಯ ಅಂಕೋಲೆ ಬರುವವರೆಗೆ ತಲೆ ಎತ್ತಲಿಲ್ಲ. ಎಲ್ಲರೂ ಇಳಿದ ಮೇಲೆ, ಟವೆಲನ್ನು ಸೊಂಟದ ಹಿಂದೆ ಇಳಿಬಿಟ್ಟುಕೊಂಡು ಇಳಿದರು. ಅವರ ಕೈಚೀಲದಲ್ಲಿ ಯಾವಾಗಲೂ ಇನ್ನೊಂದು ಲುಂಗಿ ಯಾಕಿರುತ್ತಿತ್ತೆಂದು ನನಗೆ ತಿಳಿದದ್ದು ಅಂದು.

ಅವರಿಗೆ ಪ್ರಾಸ್ಟೇಟ್ ಕ್ಯಾನ್ಸರ್. ಹುಬ್ಬಳ್ಳಿಯಲ್ಲಿ ಕರೆಂಟು ಕೊಡಿಸುತ್ತಿದ್ದೆವು, ವಿಕಿರಣ ಚಿಕಿತ್ಸೆಗೆ ನಮ್ಮ ಜನ ಇಟ್ಟ ಹೆಸರು ಅದೇ. ಪ್ರಾಸ್ಟೇಟ್ ಗ್ರಂಥಿ ಇರುವುದು ಮೂತ್ರಚೀಲದ ಬುಡದಲ್ಲಿ, ಅದರ ಬೆನ್ನಿಗೇ ಗುದನಾಳ. ನಡುವೆ ಕೆಲವೇ ಮಿಲಿಮೀಟರ್ ಜಾಗ. ಗ್ರಂಥಿಗೆ ಬಿಟ್ಟ ಕಿರಣ ಒಂದಿಷ್ಟು ಗುದನಾಳದ ಗೋಡೆಗೂ ತಾಗಿ ಒಳಪೊರೆ ಕೆರಳುತ್ತದೆ. ಆಮ ಬೀಳುವುದು, ಉರಿ, ತಡೆಯಲಾಗದ ಅವಸರ. ಹೆಚ್ಚಿನವರಿಗೆ ಚಿಕಿತ್ಸೆ ಮುಗಿದ ಕೆಲವು ವಾರಗಳಲ್ಲಿ ಇದು ಇಳಿಯುತ್ತದೆ. ಕೆಲವರಿಗೆ ತಿಂಗಳುಗಳ, ವರ್ಷಗಳ ಮೇಲೆ ರಕ್ತ ಕಾಣಿಸುತ್ತದೆ.

ಇದನ್ನು ಹಣೆಬರಹ ಎನ್ನಬೇಡಿ. ಕಡಿಮೆ ಮಾಡುವ ದಾರಿಗಳಿವೆ. ಗ್ರಂಥಿಯ ಆಕಾರಕ್ಕೆ ತಕ್ಕಂತೆ ಕಿರಣಕ್ಕೆ ರೂಪ ಕೊಡುವ, ದಿನವೂ ಚಿತ್ರ ತೆಗೆದು ಗುರಿ ಸರಿಪಡಿಸುವ ಯಂತ್ರಗಳಿವೆ. ಗ್ರಂಥಿಗೂ ಗುದನಾಳಕ್ಕೂ ನಡುವೆ ಜೆಲ್ ತುಂಬಿ ಸುಮಾರು ಒಂದು ಸೆಂಟಿಮೀಟರ್ ದೂರ ತಳ್ಳುವ ವಿಧಾನಕ್ಕೆ ಅಮೆರಿಕದಲ್ಲಿ 2015ರಲ್ಲೇ ಒಪ್ಪಿಗೆ ಸಿಕ್ಕಿದೆ. ಕೆಲವು ತಿಂಗಳಲ್ಲಿ ಆ ಜೆಲ್ ತಾನೇ ಕರಗುತ್ತದೆ. ಅದು ದುಬಾರಿ, ನಿಜ. ಆದರೆ ಖರ್ಚಿಲ್ಲದ ಉಪಾಯವೂ ಇದೆ: ಮೇಜಿನ ಮೇಲೆ ಮಲಗುವ ಮುಂಚೆ ಗುದನಾಳ ಖಾಲಿಯಾಗಿರಬೇಕು, ಮೂತ್ರಚೀಲ ತುಂಬಿರಬೇಕು. ಮಲ, ವಾಯು ತುಂಬಿದ ಗುದನಾಳ ಗ್ರಂಥಿಯನ್ನು ಅದರ ಜಾಗದಿಂದ ಸರಿಸುತ್ತದೆ, ಗುರಿ ತಪ್ಪುತ್ತದೆ. ತುಂಬಿದ ಮೂತ್ರಚೀಲ ಸಣ್ಣ ಕರುಳನ್ನು ಮೇಲಕ್ಕೆ ತಳ್ಳಿ ಕಾಯುತ್ತದೆ. ಇದನ್ನು ರೋಗಿಗೆ ಅವನ ಮಾತಿನಲ್ಲಿ ಬಿಡಿಸಿ ಹೇಳಲು ಐದು ನಿಮಿಷ ಸಾಕು.

ಆ ಐದು ನಿಮಿಷ ಯಾರು ಕೊಡುತ್ತಿದ್ದಾರೆ?

ವೈದ್ಯ ಮಿತ್ರರೇ, ನೀವೇ ಮೊದಲು ಕೇಳಿ. ನಮ್ಮ ಗಂಡಸು ಎದೆನೋವು ಹೇಳಿಯಾನು, ಲುಂಗಿ ಕೆಟ್ಟದ್ದನ್ನು ಹೇಳಲಾರ. "ದಿನಕ್ಕೆ ಎಷ್ಟು ಸಲ? ತಡೆಯಲು ಆಗುತ್ತದೆಯೇ? ರಕ್ತ ಇದೆಯೇ?" ಮೂರೇ ಪ್ರಶ್ನೆ. ಇನ್ನು ಊರಿನ ಆಸ್ಪತ್ರೆಯವರು: ಎರಡು ವರ್ಷದ ಮೇಲೆ ರಕ್ತ ಕಂಡವನಿಗೆ ಮೂಲವ್ಯಾಧಿ ಎಂದು ಚೀಟಿ ಬರೆಯುವ ಮುಂಚೆ ಹಿಂದೆ ಕರೆಂಟು ಕೊಟ್ಟಿದ್ದಾರೆಯೇ ಕೇಳಿ. ವಿಕಿರಣ ತಾಗಿದ ಗೋಡೆಗೆ ಸೂಜಿ, ಕತ್ತರಿ ಹಾಕಿದರೆ ಮಾಯದ ಹುಣ್ಣಾದೀತು. ಹಾಗಂತ ರಕ್ತವನ್ನು ಕಡೆಗಣಿಸುವಂತೆಯೂ ಇಲ್ಲ, ದುರ್ಬೀನು ಹಾಕಿ ನೋಡಲೇಬೇಕು. ಔಷಧದ ಎನಿಮಾ ಇದೆ, ಆರ್ಗಾನ್ ಅನಿಲದಿಂದ ರಕ್ತನಾಳ ಸುಡುವ ಚಿಕಿತ್ಸೆ ಇದೆ.

ಮನೆಯವರೇ, ಬಂಗಡೆಯ ಖಾರದ ಸಾರು, ಹಲಸಿನ ಹಣ್ಣು, ಕಾಳುಗಳ ಪಲ್ಯ ಕೆಲವು ವಾರ ದೂರವಿರಲಿ. ಗಂಜಿ ಸಾಕು, ಉಳಿದದ್ದನ್ನು ಡಾಕ್ಟರರನ್ನು ಕೇಳಿ. ಹೊಟ್ಟೆ ಕೆಟ್ಟಿತೆಂದು ಚಿಕಿತ್ಸೆಯನ್ನು ನಡುವೆ ಮಾತ್ರ ಬಿಡಿಸಬೇಡಿ. ಸಂಡಾಸಿನ ಬಾಗಿಲು ತಟ್ಟಿ ನಗಬೇಡಿ.

ಇನ್ನು ನಮ್ಮನ್ನು ಆಳುವವರೇ. ನಮ್ಮ ಕಾರವಾರ ತಾಲೂಕಿನ ಕೈಗಾದ ಒಂದನೇ ಘಟಕ 2018ರ ಕೊನೆಗೆ 962 ದಿನ ಎಡೆಬಿಡದೆ ನಡೆದು ಜಗತ್ತಿನ ದಾಖಲೆ ಮಾಡಿತು. ಅಣು ಒಡೆದು ನಾಡಿಗೆಲ್ಲ ಕರೆಂಟು ಕೊಟ್ಟ ಜಿಲ್ಲೆಯ ಮನುಷ್ಯ ತನಗೆ ಬೇಕಾದ ಕರೆಂಟಿಗೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗಬೇಕು. ಬ್ರಿಟನ್ನಿನ ಮುಂದಾಳತ್ವದಲ್ಲಿ 3,216 ಗಂಡಸರ ಮೇಲೆ ನಡೆದ ಪ್ರಯೋಗ 37 ಸಲ ಕೊಡುತ್ತಿದ್ದ ಈ ಚಿಕಿತ್ಸೆಯನ್ನು 20 ಸಲಕ್ಕೆ ಇಳಿಸಿದರೂ ಗುಣ ಕಡಿಮೆಯಾಗದೆಂದು 2016ರಲ್ಲೇ ತೋರಿಸಿತು. ಇಪ್ಪತ್ತೇ ದಿನವಾದರೂ ಘಟ್ಟ ಘಟ್ಟವೇ. ತುಂಬಿದ ಮೂತ್ರಚೀಲ, ಕೆರಳಿದ ಕರುಳು ಹೊತ್ತು ಅದನ್ನು ಹತ್ತಿಳಿಯುವವನಿಗೆ ಗೊತ್ತು. 2022ರ ಜುಲೈಯಲ್ಲಿ ಹೊನ್ನಾವರದ ಆಂಬುಲೆನ್ಸ್ ಶಿರೂರು ಟೋಲ್‌ನಲ್ಲಿ ಉರುಳಿ ನಾಲ್ವರು ಸತ್ತಾಗ ಜಿಲ್ಲೆಯೇ ದೊಡ್ಡ ಆಸ್ಪತ್ರೆ ಕೇಳಿತು. ಆ ಬೇಡಿಕೆಯ ಪಟ್ಟಿಯಲ್ಲಿ ವಿಕಿರಣ ಯಂತ್ರವೂ ಇರಲಿ. ಅದು ಬರುವವರೆಗೆ ದಾರಿಯುದ್ದಕ್ಕೂ ನೀರಿರುವ, ಚಿಲಕ ಬೀಳುವ ಶೌಚಾಲಯಗಳಾದರೂ ಇರಲಿ.

ಕೇಣಿಯವರೇ, ನಮ್ಮೂರಿಗೆ ಬಂದರು ಬೇಡವೆಂದು ದಂಡೆಯಲ್ಲಿ ಒಟ್ಟಾಗಿ ನಿಂತು ಕೂಗಿದವರು ನಾವು. ಈ ವಿಷಯಕ್ಕೆ ಮಾತ್ರ ದನಿ ಯಾಕೆ ಉಡುಗುತ್ತದೆ?

ನಾನೂ ಬೇರೆಯವನಲ್ಲ. ಪಕ್ಕದ ಸೀಟಿನಲ್ಲೇ ಕೂತಿದ್ದವನು "ಮಾವಾ, ಹೊಟ್ಟೆ ಹೇಗಿದೆ?" ಎಂದು ಕೇಳಲು ಮೂರು ವಾರ ತೆಗೆದುಕೊಂಡೆ. ಕೇಳಿದ ಮೇಲೆ ಆದದ್ದಿಷ್ಟೇ: ಸೋಮವಾರ ಡಾಕ್ಟರಿಗೆ ಹೇಳಿದೆವು, ಮಾತ್ರೆ ಬರೆದುಕೊಟ್ಟರು, ಯಾವಾಗ ನೀರು ಕುಡಿಯಬೇಕೆಂದು ಕೂರಿಸಿ ತಿಳಿಸಿದರು. ಮುಂದಿನ ಶನಿವಾರವೂ ಚೀಲದಲ್ಲಿ ಆ ಲುಂಗಿ ಇತ್ತು. ಮಡಿಕೆ ಬಿಚ್ಚದೆ ಮನೆಗೆ ಬಂತು.